ದೆಲಾಯ್ಸೊ ಅನ್ನು ಕಂದಾ

ಹಿತ್ತಲಲ್ಲಿ ಯಾರೋ ಗೆಣಸು ಕುಟ್ಟುತ್ತಿದ್ದಾರೆ, ಧಪ್ ಧಪ್, ಇಷ್ಟು ಬೇಗ, ಸಾವಿನ ಮನೆಯಾದರೇನು ಹೊಟ್ಟೆ ಕೇಳುತ್ತದೆಯೇ — ಒಮೊಸೆದೆ ಮಗಳ ಮುಖ ತೊಳೆಯುತ್ತಾಳೆ, ನೀರು ತಣ್ಣಗಿದೆ, ಎಸೊಸಾ ಮುಖ ಸಿಂಡರಿಸುತ್ತಾಳೆ, ಥೇಟ್ ಅವಳಪ್ಪ, ಮಣ್ಣಿಗೆ ಹೋದ ಒಸಾರೊ, ಏನು ಹೇಳ್ಬೇಕು ಹೇಳು ನೋಡೋಣ, ದೆಲಾಯ್ಸೊ ಅಮ್ಮಾ, ಹ್ಞಾಂ ಅದೇ, ಅದು ನಮ್ಮಪ್ಪನ, ನಿನ್ನಜ್ಜನ ಮನೆಯ ಬೆಳಗಿನ ವಂದನೆ, ಮನೆಗೊಂದು ವಂದನೆ ಇರುತ್ತಲ್ಲ, ಮರೀಬೇಡ ಕಂದಾ, ಅದೊಂದು ಮಾತು ಅಂದುಬಿಟ್ಟರೆ ಇಬ್ಬರೂ ಇವತ್ತೇ ಅಜ್ಜನ ಮನೆಗೆ. ನಿನ್ನೆ ಭಾವ ಇಯಾರೆ ಹಿರಿಯರೆದುರಿಗೇ ಅಂದಿದ್ದ, ತಮ್ಮನ ಹೆಂಡ್ತಿ ಇನ್ನು ನನ್ನ ಹೆಂಡ್ತಿ, ಆಗಲ್ಲ ಅಂದ್ರೆ ಅಪ್ಪನ ಮನೆ ದಾರಿ ಹಿಡಿ, ಮಗು ಮಾತ್ರ ನಮ್ದು, ಆಗ ಮುದಿ ಅತ್ತೆಯೊಬ್ಬಳೇ ಬಾಯಿಬಿಟ್ಟಳು, ಹಂಗಂದ್ರೆ ಹೆಂಗಪ್ಪಾ, ಹೆತ್ತ ಹೊಟ್ಟೆ ಅಲ್ವಾ, ಅವನು ನಕ್ಕ, ಆಯ್ತವ್ವಾ, ಮಗೂನೇ ಹೇಳ್ಲಿ, ಬೆಳಿಗ್ಗೆ ಮಂಡಿಯೂರಿ ಯಾವ ಮನೆ ವಂದನೆ ಹೇಳುತ್ತೋ ಆ ಮನೇದು — ಯಾಕೆ ಅಷ್ಟು ಸುಲಭಕ್ಕೆ ಒಪ್ಪಿದ, ಆ ನಗು ಯಾಕೆ, ಇರಲಿ, ಮದುವೆಯಾದ ಮರುದಿನ ತಾನೂ ಬಾಯಿತಪ್ಪಿ ಇದೇ ಪಡಸಾಲೆಯಲ್ಲಿ ದೆಲಾಯ್ಸೊ ಅಂದಿದ್ದಳು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಒಸಾರೊ ಕಿವಿಯಲ್ಲಿ, ಇನ್ಮೇಲೆ ನಮ್ಮನೆ ವಂದನೆ, ಲಾವಿಯೆಜೆ ಕಣೇ, ನೀನೀಗ ನಮ್ಮೋಳು, ಎಷ್ಟು ಮೆತ್ತಗೆ ಹೇಳಿದ್ದ, ಪಾಪಿ, ಇಷ್ಟು ಬೇಗ ಹೋಗಿಬಿಟ್ಟ.

ಪಡಸಾಲೆಯಲ್ಲಿ ಹಿರಿಯರು ಕೂತಾಗಿದೆ, ಒಮೊಸೆದೆ ಮೊದಲು ಮಂಡಿಯೂರುತ್ತಾಳೆ, ದೆಲಾಯ್ಸೊ, ಹಿರಿಯರು ಮುಖ ತಿರುಗಿಸುತ್ತಾರೆ, ತಿರುಗಿಸಲಿ, ಅವಳಿಗೆ ಬೇಕಾದದ್ದು ಮಗಳೊಬ್ಬಳೇ, ಮೆಲ್ಲಗೆ ಮುಂದೆ ತಳ್ಳುತ್ತಾಳೆ, ಆಮೇಲೆ ತಲೆಯೆತ್ತಿ ನೋಡುತ್ತಾಳೆ — ಅಯ್ಯೋ, ಇಯಾರೆ ಒಸಾರೊನ ಕುರ್ಚಿಯಲ್ಲಿ ಕೂತಿದ್ದಾನೆ, ಒಸಾರೊನ ಕೆಂಪು ಟೋಪಿ, ಒಸಾರೊನ ಹವಳದ ಸರ, ಅವನ ಹಾಗೆಯೇ ಕಾಲು ಚಾಚಿಕೊಂಡು, ಮಗು ದಿನಾ ಬೆಳಿಗ್ಗೆ ಮಂಡಿಯೂರುತ್ತಿದ್ದದ್ದು ಅಪ್ಪ ಹಾಗೆ ಚಾಚಿದ ಕಾಲಿನೆದುರಿಗೇ, ಕೂಗಿ ಹೇಳಬೇಕು, ಅದು ಅಪ್ಪ ಅಲ್ಲ ಕಂದಾ, ಅಷ್ಟರಲ್ಲೇ ಎಸೊಸಾಳ ಮುಖ ಅರಳುತ್ತದೆ, ಎಷ್ಟು ದಿನವಾಯಿತು ಅದು ಅರಳಿ, ಮಂಡಿಯೂರುತ್ತಾಳೆ, ಬಾಯಿಗೆ ರೂಢಿಯಾದದ್ದು ತಾನಾಗಿ ಬರುತ್ತದೆ, ಲಾವಿಯೆಜೆ ಅಪ್ಪಾ. ನೂರು ವರ್ಷ ಬಾಳು ಮಗಳೇ, ಅನ್ನುತ್ತಾನೆ ಇಯಾರೆ, ಕೈ ಮಗುವಿನ ತಲೆಯ ಮೇಲೆ, ಹಿರಿಯರು ಹ್ಞೂಂ ಹ್ಞೂಂ ಅನ್ನುತ್ತಾರೆ, ಒಮೊಸೆದೆಯ ಬಟ್ಟೆಗಂಟು ಬಾಗಿಲಲ್ಲೇ ಇದೆ, ಯಾರೋ ಏಳಮ್ಮಾ ಹೊತ್ತಾಯ್ತು ಅನ್ನುತ್ತಾರೆ, ಕೈ ಮಗುವಿನ ತಲೆಯ ಮೇಲೆ, ಎಸೊಸಾ ಈಗ ಆ ಮುಖವನ್ನು ಸರಿಯಾಗಿ ನೋಡುತ್ತಾಳೆ, ತಿರುಗಿ ಅಮ್ಮನನ್ನು ಹುಡುಕುತ್ತಾಳೆ, ಏಳಲು ನೋಡುತ್ತಾಳೆ, ಆಗುವುದಿಲ್ಲ, ಕೈ ಮಗುವಿನ ತಲೆಯ ಮೇಲೆ