ಒಳಪದರು

ಇಂದ್ರಾಬಾಯಿ ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರುಗಳಲ್ಲಿ ಸೇರಿಕೊಂಡಿದ್ದ ಅಂಟನ್ನು ಹಳೆಯ ಬ್ಲೇಡಿನಿಂದ ಕೆರೆಯುತ್ತಿದ್ದಳು. ಹೊರಗೆ ಚಾಳಿನ ಓಣಿಯಲ್ಲಿ ಹೆಣದ ಸ್ನಾನಕ್ಕೆ ನೀರು ಕಾಯುತ್ತಿತ್ತು. ಎರಡು ಡಬ್ಬಿಗಳಿಂದ ತೆಗೆದು ಕಲಸುವ ಆ ಅಂಟು ಒಮ್ಮೆ ಒಣಗಿತೆಂದರೆ ಮುಗಿಯಿತು. ಕೆರೆದರೆ ಉಗುರೇ ಏಳುತ್ತಿತ್ತು, ಅಂಟು ಏಳುತ್ತಿರಲಿಲ್ಲ. ಸತ್ತವರ ಉಗುರು ಯಾರು ನೋಡುತ್ತಾರೆ, ಬಿಡು ಎಂದಳು ಪಕ್ಕದ ಖೋಲಿಯ ಮಲ್ಲಕ್ಕ. ಇಂದ್ರಾಬಾಯಿ ಬಿಡಲಿಲ್ಲ. ಈ ಕೈಯಿಂದ ತಿಂದ ರೊಟ್ಟಿ, ಈ ಕೈ ಮುಟ್ಟಿದ ಹಾಸಿಗೆ, ಈ ಕೈ ಎತ್ತಿಕೊಂಡ ಮಗು, ಎಲ್ಲದಕ್ಕೂ ಇದೇ ಅಂಟಿನ ವಾಸನೆ ಹತ್ತಿತ್ತು. ಹೋಗುವ ದಿನವಾದರೂ ಮನುಷ್ಯನ ಕೈಯಂತಿರಲಿ ಎಂದು ಅವಳ ಹಟ. ಕೊನೆಗೆ ಬ್ಲೇಡೇ ಮೊಂಡಾಯಿತು.

ಅವಳ ಗಂಡ ನಿಂಗಣ್ಣ ಶಹಾಪುರದ ಕಡೆಯ ಬಡಿಗ. ಮುಂಬಯಿಗೆ ಬಂದು ಮೊದಲು ಬಿಲ್ಡಿಂಗುಗಳಿಗೆ ಹಲಗೆ ಹೊಡೆದ. ಆಮೇಲೆ ಜೋಗೇಶ್ವರಿಯ ಒಂದು ಗಾಲಾದಲ್ಲಿ, ಒಂದೇ ಕೋಣೆಯ ಕಾರ್ಖಾನೆಯಲ್ಲಿ, ಕೂತು ಇಪ್ಪತ್ತೆರಡು ವರ್ಷ ಬಿಲ್ಲು ಮಾಡಿದ. ನಾಟಕದ ಬಿಲ್ಲಲ್ಲ, ಮೈದಾನದಲ್ಲಿ ಗುರಿಗೆ ಹೊಡೆಯುವವರ ಬಿಲ್ಲು. ಬಿದಿರು, ಸಾಗವಾನಿ, ಮತ್ತೆ ಬಿದಿರು ಎಂದು ತೆಳ್ಳಗೆ ಹೆರೆದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಅಚ್ಚಿನಲ್ಲಿ ಬಿಗಿಯಬೇಕು. ಎರಡೂ ತುದಿಗಳನ್ನು ಮಾತ್ರ ಬಿಲ್ಲುಗಾರನಿಂದ ಆಚೆಗೆ ಹೊರಳಿಸಬೇಕು. ಹಿಡಿಕೆಗೆ ಪರೇಲಿನಲ್ಲಿ ಕೆಡವಿದ ಹಳೆಯ ಚಾಳುಗಳ ಬಾಗಿಲಿನ ಮರ. ಆ ಮರದ ಪುಡಿಯೇ ಎದೆಗಿಳಿದು ಎರಡು ವರ್ಷ ಕೆಮ್ಮಿದ. ನಿನ್ನೆ ಸಂಜೆ ಚಹಾದ ಬಟ್ಟಲು ಕೈಯಲ್ಲಿರುವಾಗಲೇ ಹೋದ.

ಊರಿನ ರೂಢಿಯಂತೆ ಹೆಣವನ್ನು ಮಲಗಿಸಲಿಲ್ಲ. ಮೈ ತೊಳೆದು, ವಿಭೂತಿ ಬಳಿದು, ರುಮಾಲು ಸುತ್ತಿ, ಬಾಗಿಲ ಮುಂದೆ ಒಂದು ಮಣೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಬಂದವರು ಕಾಲು ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸ್ಮಶಾನಕ್ಕೆ ಎಷ್ಟು ಹೊತ್ತಿಗೆ ಎಂದು ಕೇಳಿ, ಮೊಬೈಲು ತೆಗೆದರು. ಗಟಾರದ ನಾತ, ಊದಿನಕಡ್ಡಿಯ ಹೊಗೆ, ಅಂಟಿನ ವಾಸನೆ ಎಲ್ಲ ಸೇರಿ ಇಂದ್ರಾಬಾಯಿ ಮೂಗಿಗೆ ಸೆರಗು ಒತ್ತಿಕೊಂಡಿದ್ದಳು. ಮಲಾಡಿನ ಆಫೀಸಿನಲ್ಲಿ ಕೆಲಸಕ್ಕಿದ್ದ ಮಗಳು ಶಿವಕುಮಾರಿ ಬೆಳಗಿನಿಂದ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಾಯಿಗೆ ಮಾತ್ರ ಅಳು ಬಂದಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಈ ಮನುಷ್ಯ ಇಲ್ಲಿಂದ ಎದ್ದು ಹೋಗುವ ಮೊದಲು, ಆ ಬಿಲ್ಲುಗಳನ್ನು ಮಾಡಿದವನು ಇವನು ಎಂಬ ಮಾತು ನಾಲ್ಕು ಜನರ ಮುಂದೆ ಬರಬೇಕು. ಅದನ್ನು ಹೇಳಬೇಕಾದವನು ಧನರಾಜ್. ಹತ್ತೂವರೆಗೆ ಅವನ ಕಾರು ಓಣಿಯ ಬಾಯಲ್ಲಿ ನಿಂತಿತು.

ಧನರಾಜನ ತಂದೆ ಉಡುಪಿಯಿಂದ ಬಂದು ಹೊಟೇಲು ನಡೆಸಿದವರು. ಮಗ ಅದನ್ನು ಬಿಟ್ಟು ಮಲಾಡಿನಲ್ಲಿ ಆಟದ ಸಾಮಾನಿನ ಅಂಗಡಿ ಹಾಕಿದ್ದ. ಗಾಲಾ ಅವನದು, ಬಿಲ್ಲಿನ ಮೇಲೆ ಅಂಟಿಸುವ ಬಂಗಾರ ಬಣ್ಣದ ಸ್ಟಿಕ್ಕರಿನಲ್ಲಿದ್ದ ಹೆಸರೂ ಅವನದು. ಅವನ ಬೆನ್ನಿಗೇ ಅಂಗಡಿಯ ವಿಡಿಯೋಗಳನ್ನು ಮಾಡುವ ಸುಹಾಸ ಫೋನು ಎತ್ತಿ ಹಿಡಿದೇ ಬಂದ. ಧನರಾಜ್ ಚೆಂಡು ಹೂವಿನ ಹಾರವನ್ನು ಬಿಳಿ ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡಿದ್ದ. ಬೂಟು ಬಿಚ್ಚದೆ ಹೆಣಕ್ಕೆ ಹಾರ ಹಾಕಿ, ಕಣ್ಣು ಮುಚ್ಚಿ, ಕೈಮುಗಿದು, ಆಮೇಲೆ ಒಂದು ಕಣ್ಣು ತೆರೆದು ಸುಹಾಸನ ಕಡೆ ನೋಡಿದ. ಸುಹಾಸ ಬೆಳಕು ಸರಿಯಿಲ್ಲವೆಂದು ತಲೆಯಾಡಿಸಿದ. ಧನರಾಜ್ ಹೆಣದ ಕೊರಳಿನಿಂದ ಹಾರ ತೆಗೆದು, ಈಚೆ ಬದಿಗೆ ಸರಿದು, ಇನ್ನೊಮ್ಮೆ ಹಾಕಿದ.

ಥೂ ಎನ್ನಬೇಕೆನಿಸಿತು ಇಂದ್ರಾಬಾಯಿಗೆ. ಬಾಯಿಗೆ ಬಂದ ಉಗುಳನ್ನು ನುಂಗಿದಳು.

*

ಇದೇ ಸುಹಾಸ ಮೂರು ವರ್ಷದ ಹಿಂದೆ ಗಾಲಾಕ್ಕೆ ದೀಪಗಳನ್ನು ಹೊತ್ತು ಬಂದಿದ್ದ. ಬಿಲ್ಲು ಹೇಗೆ ತಯಾರಾಗುತ್ತದೆಂದು ಜನರಿಗೆ ತೋರಿಸುವ ವಿಡಿಯೋ ಆಗಬೇಕಿತ್ತು. ಇಂದ್ರಾಬಾಯಿ ಆ ದಿನ ಗಂಡನಿಗೆ ಊಟದ ಡಬ್ಬಿ ಕೊಡಲು ಹೋದವಳು ಬಾಗಿಲಲ್ಲೇ ನಿಂತು ನೋಡಿದಳು. ಧನರಾಜ್ ಮೈಗೆ ಬಡಿಗರ ಏಪ್ರನ್ ಕಟ್ಟಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮರದ ವಾಸನೆ ತನಗೆ ಹೇಗೆ ತಾಯಿಯ ಸೆರಗಿನಂತೆ ಎಂದು ಫೋನಿಗೆ ಹೇಳುತ್ತಿದ್ದ. ಮರ ಹೆರೆಯುವುದನ್ನು ತೋರಿಸುವ ಹೊತ್ತಿಗೆ ಅವನ ಕೈಗೆ ಉಜ್ಜುಗೊರಡು ಒಲಿಯಲಿಲ್ಲ. ಆಗ ಸುಹಾಸನಿಗೆ ಉಪಾಯ ಹೊಳೆಯಿತು. ಧನರಾಜನ ನವರತ್ನದ ಉಂಗುರ ಬಿಚ್ಚಿಸಿ ನಿಂಗಣ್ಣನ ಬೆರಳಿಗೆ ತೊಡಿಸಿದರು. ನಿಂಗಣ್ಣ ಹೆರೆದ, ಅಂಟು ಹಚ್ಚಿದ, ಬಿಗಿದ. ಅವನ ಕೈಗಳನ್ನಷ್ಟೇ ತೆಗೆದುಕೊಂಡು ಧನರಾಜನ ಮುಖಕ್ಕೆ ಜೋಡಿಸಿದರು.

ಕೆಲಸ ಮುಗಿದ ಮೇಲೆ ಉಂಗುರ ಹೊರಬರಲಿಲ್ಲ. ಗಟ್ಟಿಬಿದ್ದ ಗೆಣ್ಣಿನಲ್ಲಿ ಸಿಕ್ಕಿಕೊಂಡಿತ್ತು. ಧನರಾಜ್ ಸಾಬೂನು ತರಿಸಿ, ತಾನು ಮುಟ್ಟದೆ, ಎಳೆ ಎಳೆ ಎಂದು ನಿಂತು ಹೇಳಿದ. ಗೆಣ್ಣು ಕಿತ್ತು ರಕ್ತ ಬಂತು. ಧನರಾಜ್ ಉಂಗುರವನ್ನು ಮೂರು ಸಲ ತೊಳೆದು ಹಾಕಿಕೊಂಡ.

ನಿಂಗಣ್ಣ ನಕ್ಕಿದ್ದ. ಮುಂದಿನ ಮಾಲಿನ ಮೇಲೆ ನಿನ್ನ ಹೆಸರೂ ಹಾಕುತ್ತೇನೆ ಎಂದು ಸೇಠ ಹೇಳಿದನೆಂದು ಮನೆಗೆ ಬಂದು ಖುಷಿಯಿಂದ ಹೇಳಿದ್ದ. ಇಂದ್ರಾಬಾಯಿಗೆ ಧನರಾಜನಿಗಿಂತ ಆ ನಗು ಕಂಡೇ ಹೆಚ್ಚು ಹೇಸಿಗೆಯಾಗಿತ್ತು.

*

ಈಗ ಬೆಳಕು ಸರಿಹೋಗಿತ್ತು. ಧನರಾಜ್ ಹೆಣದ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಫೋನಿನ ಕಡೆ ಮುಖ ಮಾಡಿದ. ಓಣಿಯವರೆಲ್ಲ ಹತ್ತಿರ ಸರಿದರು. ಇಂದ್ರಾಬಾಯಿ ಸೆರಗು ಬಿಗಿ ಹಿಡಿದು ಕಾದಳು.

"ಇವರು ನಿಂಗಣ್ಣ. ನಾನು ಬಿಲ್ಲು ಮಾಡುವಾಗ ಯಾವತ್ತೂ ಹತ್ತಿರ ಇರ್ತಿದ್ರು. ಅಂಟು ಕಲಸಿ ಕೊಡೋದು, ಗುಡಿಸೋದು, ಎಲ್ಲ ಮಾಡ್ತಿದ್ರು. ಇಂಥ ಹೆಲ್ಪರ್ ಇನ್ನು ಸಿಗ್ಲಿಕ್ಕಿಲ್ಲ."

ಅಷ್ಟೇ. ಇಪ್ಪತ್ತೆರಡು ವರ್ಷ ಕೊನೆಗೆ ಒಂದು ಕಸಬರಿಗೆಯಾಗಿ ಮುಗಿಯಿತು. ಕೆಲವರು ಮೂಗು ಸೆಳೆದುಕೊಂಡರು, ಮಲ್ಲಕ್ಕ ಕೂಡ. ಇಂದ್ರಾಬಾಯಿ ಗಂಡನ ಮುಖ ನೋಡಿದಳು. ಅದು ಎಂದಿನಂತೆ ಯಾರಿಗೂ ಬೇಜಾರಾಗದಂತೆ ಕೂತಿತ್ತು.

ಆಮೇಲೆ ಧನರಾಜನ ಕಣ್ಣು ಒಳಗೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಿಲ್ಲಿನ ಮೇಲೆ ಬಿತ್ತು. ನಿಂಗಣ್ಣ ಕೊನೆಗೆ ಮಾಡಿದ ಬಿಲ್ಲು ಅದು. ಹೆದೆ ಏರಿಸದೆ ಇಟ್ಟಿದ್ದ, ದಾರ ಒಂದು ತುದಿಯಿಂದ ಜೋಲುತ್ತಿತ್ತು. ಅದರ ಮೇಲೆ ಇನ್ನೂ ಸ್ಟಿಕ್ಕರು ಹತ್ತಿರಲಿಲ್ಲ. ಧನರಾಜನಿಗೆ ಜೀವ ಬಂದಂತಾಯಿತು. ಪುಣೆಯ ಗಿರಾಕಿಯೊಬ್ಬ ಇದಕ್ಕೇ ಕಾಯುತ್ತಿದ್ದಾನೆ, ಹೇಗೂ ಇವತ್ತು ಒಯ್ಯಬೇಕು, ಅದಕ್ಕೂ ಮೊದಲು ಒಂದು ನಿಮಿಷ ಇವನ ತೊಡೆಯ ಮೇಲಿಟ್ಟು ಫೋಟೋ ತೆಗೆಯೋಣ ಎಂದ. ಶಿವಕುಮಾರಿಯೇ ಒಳಗೆ ಹೋಗಿ ಬಿಲ್ಲು ತಂದು ಕೊಟ್ಟಳು. ಧನರಾಜ್ ಕಿಸೆಯಿಂದ ಸ್ಟಿಕ್ಕರು ತೆಗೆದು, ಹಿಂದಿನ ಕಾಗದ ಸುಲಿದು, ಹಿಡಿಕೆಯ ಮೇಲೆ ಹಚ್ಚಿ ಉಜ್ಜಿದ. ಸುಲಿದ ಕಾಗದ ಹೆಣದ ಪಾದದ ಬಳಿ ಬಿತ್ತು.

ಇಂದ್ರಾಬಾಯಿ ಏಳಹೋದಳು. ಮಗಳು ಅವಳ ತೋಳು ಹಿಡಿದು, "ಅವ್ವಾ, ಜಾನೇ ದೇ ನಾ, ಬಿಡು," ಎಂದಳು.

*

ಆ ಬಿಲ್ಲಿಗೆ ಅಂಟು ಹಾಕಿದ್ದು ದೀಪಾವಳಿಯ ನಂತರದ ಒಂದು ಭಾನುವಾರ ಮಧ್ಯಾಹ್ನ. ಕೆಮ್ಮು ಜೋರಾದ ಮೇಲೆ ನಿಂಗಣ್ಣ ಗಾಲಾದ ಧೂಳಿನಲ್ಲಿ ಕೂರಲಾರದೆ ಕೆಲಸವನ್ನು ಖೋಲಿಗೇ ತಂದುಕೊಂಡಿದ್ದ. ಅಂಟು ಬೇಗ ಬಿಗಿಯುತ್ತದೆ. ಪಟ್ಟಿಗಳು ಜಾರದಂತೆ ಒಬ್ಬರು ತುದಿ ಅದುಮಿ ಹಿಡಿಯಬೇಕು, ಇನ್ನೊಬ್ಬರು ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಬೇಕು. ಹಿಡಿಯುವವಳು ಇಂದ್ರಾಬಾಯಿ. ಗಾಲಾದಲ್ಲಿದ್ದಾಗಲೂ ಭಾನುವಾರಗಳಂದು ಕರೆಸಿ ಅವಳಿಂದಲೇ ಹಿಡಿಸುತ್ತಿದ್ದ. ಮೂಗಿಗೆ ಸೆರಗು ಸುತ್ತಿ, ಬೈಯುತ್ತ, ಹಿಡಿಯುತ್ತಿದ್ದಳು.

ಎಲ್ಲಕ್ಕಿಂತ ಒಳಗಿನ ಪಟ್ಟಿಗೆ ಅಂಟು ಸವರುವ ಮೊದಲು ನಿಂಗಣ್ಣ ಕಿವಿಯ ಪೆನ್ಸಿಲ್ ತೆಗೆದು ಅದರ ಮೇಲೆ ಎರಡು ಸಾಲು ಬರೆದ. ಪ್ರತಿ ಬಿಲ್ಲಿಗೂ ಹೀಗೆ ಬರೆಯುವುದನ್ನು ಅವಳು ನೋಡಿದ್ದಳು. ಓದು ಬರದವಳು ಆ ದಿನ ಮೊದಲ ಸಲ ಕೇಳಿದಳು.

"ಏನ್ ಬರೀತೀರಿ ಅದು?"

"ನನ್ನ ಹೆಸರು."

"ಕೆಳಗಿಂದು?"

"ಅದು ಅಳತಿ."

ಮೇಲೆ ಅಂಟು ಸುರಿದು, ಇನ್ನೊಂದು ಪಟ್ಟಿ ಮುಚ್ಚಿ, ಹೆಸರನ್ನು ಒಳಗೆ ಹಾಕಿಬಿಟ್ಟ. ಅಲ್ಲಿ ಬರೆದರೆ ಯಾರಿಗೆ ಕಾಣುತ್ತದೆ ಎಂದು ಅವಳು ಸಿಡುಕಿದಳು.

"ಒಡದ್ರ ಕಾಣ್ತದ," ಎಂದ ನಿಂಗಣ್ಣ. "ಖರೇ ನನ್ನ ಬಿಲ್ಲು ಒಡಿಯಂಗಿಲ್ಲ. ಉಲ್ಟಾ ಏರಿಸಿದ್ರಷ್ಟೇ ಒಡೀತದ. ಅಂಥ ಹುಚ್ಚ ಯಾಂವ ಅದಾನ?"

ಹೇಳಿ ನಕ್ಕ, ನಗು ಕೆಮ್ಮಾಯಿತು. ಬಿಲ್ಲಿನ ತುದಿ ಯಾವ ಕಡೆ ಹೊರಳಿದೆಯೋ ಅದಕ್ಕೆ ಎದುರಾಗಿ ಬಗ್ಗಿಸಿ ಹೆದೆ ಏರಿಸಬೇಕು. ತಿಳಿಯದವರು ಹೊರಳಿದ ಕಡೆಗೇ ಬಗ್ಗಿಸುತ್ತಾರೆ. ನೋಡುವುದಕ್ಕೆ ಅದೇ ಸರಿಯೆನಿಸುತ್ತದೆ. ಇದು ಅವಳಿಗೂ ಗೊತ್ತಿತ್ತು, ನೂರಾರು ಸಲ ಕಂಡಿದ್ದಳು. ಅವಳಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಕದ್ದವನು ತನ್ನ ಹೆಸರನ್ನು ಮುಚ್ಚಿಡಬೇಕು. ಅಲ್ಲಿ ಕದ್ದವನು ಹೆಸರನ್ನು ಬಂಗಾರದಲ್ಲಿ ಹಾಕಿಸಿಕೊಂಡಿದ್ದ, ಇಲ್ಲಿ ಇವನು ಅಂಟಿನ ಕೆಳಗೆ ಹೂತಿಡುತ್ತಿದ್ದ. ಹಿಡಿದ ತುದಿಯನ್ನು ಬಿಟ್ಟುಬಿಡಲೇ ಎನಿಸಿತು. ಬಿಡಲಿಲ್ಲ, ಟ್ಯೂಬು ಸುತ್ತಿ ಮುಗಿಯುವವರೆಗೂ ಹಿಡಿದೇ ಇದ್ದಳು.

*

ಧನರಾಜ್ ಬಿಲ್ಲನ್ನು ಹೆಣದ ತೊಡೆಯ ಮೇಲಿಟ್ಟು ನೋಡಿದ. ಸುಹಾಸನಿಗೆ ಹಿಡಿಸಲಿಲ್ಲ. ಹೀಗೆ ಬರೀ ಕೋಲಿನಂತೆ ಕಾಣುತ್ತದೆ, ದಾರ ಏರಿಸಿ, ನೀವೇ ಏರಿಸಿ ಕೈಗಿಡುವುದನ್ನು ವಿಡಿಯೋ ಮಾಡುತ್ತೇನೆ ಎಂದ ಅವನು ಹಿಂದಿಯಲ್ಲಿ. ಧನರಾಜ್ ಒಂದು ಗಳಿಗೆ ತಡೆದ. ಸುತ್ತ ನಿಂತ ಜನ ನೋಡುತ್ತಿದ್ದರು. ಅಂಗಿಯ ತೋಳು ಮಡಿಸಿ, ಬಿಲ್ಲಿನ ಕೆಳತುದಿಯನ್ನು ಹೆಣ ಕೂತ ಮಣೆಗೆ ಊರಿ, ಅದಕ್ಕೆ ಬೂಟಿನ ಕಾಲು ಒತ್ತಿಟ್ಟ. ತುದಿ ಹೊರಳಿದ ಕಡೆಗೇ ಮೈಭಾರ ಹಾಕಿ ಬಗ್ಗಿಸತೊಡಗಿದ.

ಇಂದ್ರಾಬಾಯಿ ನೋಡಿದಳು. ಉಲ್ಟಾ ಎಂಬ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಮನೆಯಲ್ಲಿ ಗಂಡ ಮಾಡಿದ ವಸ್ತುವೆಂದು ಉಳಿದದ್ದು ಅದೊಂದೇ. ಎರಡು ತಿಂಗಳು ಕೆಮ್ಮುತ್ತ ಹೆರೆದದ್ದು, ರಕ್ತ ಉಗುಳುತ್ತ ಉಜ್ಜಿದ್ದು. ಮಾತಾಡಿದರೆ ಅದು ಉಳಿಯುತ್ತಿತ್ತು, ಉಳಿದು ಬಂಗಾರದ ಸ್ಟಿಕ್ಕರು ಹೊತ್ತು ಪುಣೆಗೆ ಹೋಗುತ್ತಿತ್ತು. ಮಣೆಯ ಮೇಲಿನ ಬೂಟಿನ ಕಡೆ ನೋಡಿದಳು. ಬಾಯಿ ಬಿಗಿ ಮುಚ್ಚಿಕೊಂಡಳು.

ದಾರದ ಕುಣಿಕೆ ಮೇಲಿನ ತುದಿಯ ಹತ್ತಿರ ಬರುವಷ್ಟರಲ್ಲಿ ಬಿಲ್ಲು ಸಿಡಿಯಿತು. ಓಣಿಯ ಕಾಗೆಗಳು ಎದ್ದವು. ಹಿಡಿಕೆಯ ಮೇಲಿಂದ ತುದಿಯವರೆಗೆ ಪದರು ಪದರಾಗಿ ಬಾಯಿಬಿಟ್ಟು, ಒಂದು ಸೀಳು ನಿಂಗಣ್ಣನ ಹಾರದೊಳಗೆ ಸಿಕ್ಕಿಕೊಂಡಿತು. ಸುಹಾಸ ಬೆಚ್ಚಿ ಫೋನನ್ನು ಎದೆಮಟ್ಟಕ್ಕೆ ಇಳಿಸಿದ.

"ಎಂಥ ಕಚ್ಚಾ ಕೆಲಸ ಮಾರಾಯ್ತಿ ಇದು," ಎಂದ ಧನರಾಜ್, ಬೆವರು ಒರೆಸಿಕೊಳ್ಳುತ್ತ. "ಕಡೆಕಡೆಗೆ ಇವನ ಕೈಯೇ ಹೋಗಿತ್ತು."

ಬಗ್ಗಿ ಸೀಳನ್ನು ಎತ್ತಿಕೊಂಡವನು ಅದರ ಮೈ ನೋಡಿದ. ಅವನ ಹೆಬ್ಬೆರಳು ಮೆಲ್ಲಗೆ ಜರುಗಿ ಒಂದು ಜಾಗದಲ್ಲಿ ಕೂತಿತು. ಇಂದ್ರಾಬಾಯಿ ಎದ್ದಳು. ಈ ಸಲ ಮಗಳು ಹಿಡಿಯಲಿಲ್ಲ.

"ಉಲ್ಟಾ ಏರಿಸಿದ್ರಿ ಸೇಠ್ರ. ಇಪ್ಪತ್ತೆರಡು ವರ್ಷ ಬಿಲ್ಲು ಮಾಡಿದವರಿಗಿ ಇದು ಗೊತ್ತಿರಬೇಕಾಗಿತ್ತು."

ಧನರಾಜ್ ಹೆಬ್ಬೆರಳನ್ನು ಇನ್ನಷ್ಟು ಒತ್ತಿದ.

"ಹೆಬ್ಬಟ್ಟ ತಗೀರಿ. ಏನ್ ಬರದಾರ ಓದ್ರಿ."

ಅಲ್ಲಿ ಕನ್ನಡ ಓದಬಲ್ಲವನು ಅವನೊಬ್ಬನೇ. ಶಿವಕುಮಾರಿ ಮರಾಠಿ ಶಾಲೆಯಲ್ಲಿ ಕಲಿತವಳು, ಮಲ್ಲಕ್ಕ ಶಾಲೆಯನ್ನೇ ಕಾಣದವಳು, ಚಾಳಿನ ಉಳಿದವರಿಗೆ ಮಾತು ತಿಳಿಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದರು. ಧನರಾಜ್ ಕಾರಿನ ಕಡೆ ನೋಡಿದ, ನಡುವೆ ಜನವಿತ್ತು. ಬೆರಳು ತೆಗೆದ.

"ನಿಂಗಣ್ಣ ಮಾಡಿದ್ದು," ಎಂದು ಓದಿದ.

"ಜೋರಾಗಿ."

"ನಿಂಗಣ್ಣ ಮಾಡಿದ್ದು."

ಇಂದ್ರಾಬಾಯಿಗೆ ಅಷ್ಟು ಸಾಕಿತ್ತು. ಆದರೆ ಧನರಾಜನ ಕಣ್ಣು ಎರಡನೆಯ ಸಾಲಿನ ಮೇಲೆ ಇನ್ನೂ ನಿಂತಿತ್ತು. ಅದು ಅಳತೆ, ಬಿಡಿ ಎಂದಳು. ಅವನು ತಲೆಯಾಡಿಸಿದ.

"ಅಳತೆ ಅಲ್ಲ. 'ಇಂದ್ರಾ ಹಿಡಿದದ್ದು' ಅಂತ ಉಂಟು."

ಅವಳು ಹೆಣದ ಕಡೆ ತಿರುಗಿದಳು. ಸುಳ್ಳ. ಒಂದೊಂದು ಬಿಲ್ಲಿಗೂ ಬರೆದಿದ್ದಾನೆ, ಕೇಳಿದರೆ ಅಳತೆ ಅಂದಿದ್ದಾನೆ. ಬೈಯುತ್ತ ಹಿಡಿದವಳ ಹೆಸರನ್ನು ತನ್ನ ಹೆಸರಿನ ಕೆಳಗಿಟ್ಟು, ಅಂಟು ಸುರಿದು, ಮುಚ್ಚಿ, ಎಲ್ಲೆಲ್ಲಿಗೋ ಕಳಿಸಿದ್ದಾನೆ. ಆ ಕೈಯನ್ನೇ ಅವಳು ಬೆಳಗಿನಿಂದ ಬ್ಲೇಡಿನಿಂದ ಕೆರೆದಿದ್ದಳು. ಮಣೆಯ ಪಕ್ಕದಲ್ಲಿ ಕೂತಳು, ಅಳು ಆಗ ಬಂತು.

ಸುಹಾಸ ಫೋನು ನಿಲ್ಲಿಸುವುದನ್ನು ಮರೆತಿದ್ದ. ಎದೆಮಟ್ಟದಲ್ಲಿ ಅದು ತನ್ನಷ್ಟಕ್ಕೆ ನೋಡುತ್ತಿತ್ತು. ಶಿವಕುಮಾರಿ ಪಕ್ಕದಿಂದ ಬಗ್ಗಿ ಅದರ ಪರದೆ ಕಂಡಳು. ಮೇಲ್ಗಡೆ ರುಮಾಲು, ವಿಭೂತಿ, ಅಪ್ಪನ ಮುಖ. ಅದರ ಕೆಳಗೆ ಬಿಲ್ಲಿನ ಸೀಳನ್ನು ಹಿಡಿದ, ನವರತ್ನದ ಉಂಗುರ ತೊಟ್ಟ ಎರಡು ಕೈಗಳು ಮಾತ್ರ, ಧನರಾಜನ ಮುಖ ಅದರಲ್ಲಿರಲಿಲ್ಲ. ಎತ್ತಿದ ಹೆಬ್ಬೆರಳಿಗೆ ಕೂರಲು ಜಾಗ ಸಿಕ್ಕಿರಲಿಲ್ಲ.