ಮರಿಲಿಂಗಮ್ಮನ ಸೊಟ್ಟ ಹೊಲಿಗೆ

ಮರಿಲಿಂಗಮ್ಮನಿಗೆ ಬೆಂಕಿಗಿಂತ ಕಾಗದದ ಭಯ ಹೆಚ್ಚು. ಬೆಂಕಿಯಾದರೂ ಒಲೆಯಲ್ಲಿ ಅಡಗಿ ಕೂರುತ್ತದೆ. ಸರಕಾರಿ ಮೊಹರು ಬಿದ್ದ ಕಾಗದ ಯಾವ ಗಳಿಗೆಯಲ್ಲಿ ಕೈತಪ್ಪೀತೋ ಯಾರು ಬಲ್ಲರು! ಆದ್ದರಿಂದ ಮನೆಗೆ ಬಂದ ಕಾಗದವನ್ನೆಲ್ಲ ಆಕೆ ಹೊದೆಯುವ ಕೌದಿಯೊಳಗಿಟ್ಟು ಹೊಲಿದುಬಿಡುತ್ತಿದ್ದಳು. ಎಡಗಾಲನ್ನು ತುಸು ಎಳೆದು ನಡೆಯುವ, ಸೆರಗಿನಂಚಿಗೆ ಸದಾ ಸೂಜಿ ಚುಚ್ಚಿಕೊಂಡಿರುವ ಆ ಹೆಂಗಸಿನ ಹೊಲಿಗೆ ಮಾತ್ರ ಬಿತ್ತಿದ ಸಾಲಿನಷ್ಟು ನೆಟ್ಟಗೆ. ಸುರಪುರದ ಓಣಿಯಲ್ಲಿ ಆಕೆಯ ಸರಿಸಮ ಕೌದಿ ಹೊಲಿಯುವವರೇ ಇರಲಿಲ್ಲ.

ನಿಜಾಮರ ಆಳ್ವಿಕೆಯ ಕಡೆಯ ದಿನಗಳು. ಗಡಿಯಲ್ಲಿ ರೈಲಿನ ಭರವಸೆಯಿಲ್ಲ. ಮುಂಬಯಿಯಲ್ಲಿ ಹೆತ್ತು ಮಲಗಿದ ಮಗಳು ಮೋನಮ್ಮ ಬಾಣಂತಿ ನಂಜಿನಲ್ಲಿ ಅವ್ವನನ್ನೇ ಕನವರಿಸುತ್ತಿದ್ದಾಳೆಂದು ತಾರು ಬಂತು. ಅಳಿಯನ ಧಣಿ ವಿಮಾನದ ಟಿಕೇಟು ಕೊಡಿಸಿದ. ತಹಸೀಲು ಕಚೇರಿಯ ಗುರುತಿನ ಕಾಗದ, ಸಿಡುಬಿನ ಲಸಿಕೆಯ ದಾಖಲೆ ಎರಡನ್ನೂ ಮಾಡಿಸಿಕೊಟ್ಟು, ಬೇಗಂಪೇಟೆಯ ವಿಮಾನ ನಿಲ್ದಾಣದವರೆಗೂ ಆಕೆಯ ಜೊತೆಗೆ ಹೋದವನು ನೆರೆಮನೆಯ ಖಾಜಾಹುಸೇನ.

ಸಾಮಾನು ತೂಗುವ ಕಟ್ಟೆಯ ಬಳಿ ಗುಮಾಸ್ತ ಟಿಕೇಟು ನೋಡಿ, ಉಳಿದೆರಡು ಕಾಗದಕ್ಕೆ ಕೈ ಚಾಚಿದ. ಮರಿಲಿಂಗಮ್ಮ ಬಗಲಲ್ಲಿದ್ದ ಕೌದಿಯನ್ನು ತೋರಿಸಿದಳು. ಹುಟ್ಟಿದ ಕೂಸಿನ ಕೌದಿ ಅದು. ಅಂಥ ಕೌದಿಯ ಹೊಟ್ಟೆಯನ್ನು ಬರಿದಾಗಿ ಮುಚ್ಚಬಾರದೆಂದು ಹಿಡಿ ಜೋಳ ತುಂಬಿ, ಕಾಗದಗಳನ್ನೂ ಜೊತೆಗಿಟ್ಟು ಹೊಲಿದಿದ್ದಳು. ಒಮ್ಮೆ ಮುಚ್ಚಿದ್ದನ್ನು ಹರಿದರೆ ವಂಶದ ಕುಡಿಗೆ ಕೇಡೆಂಬುದು ಆಕೆಯ ಮನೆತನದ ನಂಬಿಕೆ.

"ಬಿಚ್ಚವ್ವಾ, ವಿಮಾನ ನಮ್ಮ ಸಲುವಾಗಿ ನಿಂದ್ರಂಗಿಲ್ಲ," ಎಂದ ಖಾಜಾಹುಸೇನ.

"ಕೂಸಿನ ಕೌದಿಯಪ್ಪಾ. ಹ್ಯಾಂಗ ಹರೀಲಿ?"

ಹೊರಗೆ ವಿಮಾನದ ಎಂಜಿನ್ನು ಮೊರೆಯತೊಡಗಿತು. ಅಯ್ಯೋ, ಆ ತಾಯಿಯ ಸಂಕಟ! ಕೌದಿಯನ್ನೊಮ್ಮೆ ಎದೆಗೊತ್ತಿಕೊಂಡಳು. "ಅದು ಮಮ್ಮಗ. ಅಕಿ ನನ್ನ ಕೂಸು," ಎಂದವಳೇ ಹೊಲಿಗೆಯನ್ನು ಹಲ್ಲಿನಿಂದ ಕಡಿದಳು. ಜೋಳ ಕಟ್ಟೆಯ ಮೇಲೆಲ್ಲ ಚೆಲ್ಲಿತು. ಗುಮಾಸ್ತ ಕಾಗದಗಳಿಗೆ ಮೊಹರು ಹಾಕಿ, ಕಾಳುಗಳನ್ನು ಅಂಗೈಯಿಂದ ಒಟ್ಟುಮಾಡಿ, ಆಕೆಯ ಉಡಿಗೆ ಸುರಿದ.

ವಿಮಾನದಲ್ಲಿ ಮತ್ತೆ ಕಾಳು ತುಂಬಿ ಹೊಲಿದಳು. ಜನ್ಮದಲ್ಲಿ ಮೊದಲ ಬಾರಿಗೆ ಹೊಲಿಗೆ ಸೊಟ್ಟಗಾಯಿತು. ಮೋನಮ್ಮ ಅವ್ವನನ್ನು ಕಣ್ತುಂಬ ನೋಡಿದಳು, ಕೂಸಿಗೆ ಕೌದಿ ಹೊದಿಸಿದ್ದನ್ನೂ ನೋಡಿದಳು. ಮರುದಿನ ಅವ್ವನ ತೊಡೆಯ ಮೇಲೆಯೇ ಹೋಗಿಬಿಟ್ಟಳು.

ಸುರಪುರಕ್ಕೆ ತಂದು ಸಾಕಿದ ಮೊಮ್ಮಗನಿಗೆ ಮೈ ಬೆಚ್ಚಗಾದಾಗಲೆಲ್ಲ ಮರಿಲಿಂಗಮ್ಮ ಆ ಸೊಟ್ಟ ಹೊಲಿಗೆಯನ್ನು ಸವರಿ ಸವರಿ ಅಳುತ್ತಿದ್ದಳು. ಓಣಿಯ ಸುಂದ್ರಮ್ಮ ಒಮ್ಮೆ ತಡೆಯಲಾರದೆ, "ಹರೀಬಾರದಿತ್ತು ಅನಸ್ತದೇನವ್ವಾ?" ಎಂದು ಕೇಳಿದಳು.

"ತಪ್ಪಂದ್ರ ತಪ್ಪ. ಮಗಳು ಹೋಗಿದ್ದು ಅದರಿಂದನ, ಖರೆ," ಎಂದಳು ಮರಿಲಿಂಗಮ್ಮ. ಕೌದಿಯನ್ನು ಮೊಮ್ಮಗನ ಮೈಮೇಲೆ ಸರಿಪಡಿಸಿ, "ಆದ್ರ ಕಡೀಗೆ ಅಕಿ ಮಾರಿ ನೋಡಾಕ ಸಿಕ್ತಲ್ಲ. ಮತ್ತ ಅಂಥಾ ಹೊತ್ತು ಬಂದ್ರ, ಮತ್ತ ಹರೀತೇನಿ," ಎಂದಳು.

ಇಂಥ ತಾಯಂದಿರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದರು. ನಂಬಿದ್ದನ್ನು ಅವರು ಬಿಡಲಿಲ್ಲ. ನಂಬಿಕೆಗೆ ಮಕ್ಕಳನ್ನು ಬಿಟ್ಟುಕೊಡಲೂ ಇಲ್ಲ. ಆ ಎರಡರ ನಡುವಿನ ಪಾಪವನ್ನೆಲ್ಲ ತಾವೊಬ್ಬರೇ ಹೊದ್ದು ಮಲಗಿದರು.