ಡಿಪೋದ ಒಬ್ಬಳೇ ಕಂಡಕ್ಟರ್

“ಹೆಸರು ಹಾಕಿಲ್ಲ ಅಂತೀಯ. ಆ ಡಿಪೋದಲ್ಲಿ ಹೆಣ್ಣು ಕಂಡಕ್ಟರ್ ಅಂತ ಇದ್ದಿದ್ದು ನಾನೊಬ್ಬಳೇ ಕಣಮ್ಮಾ. ಗೊತ್ತಾಗದೆ ಇರುತ್ತಾ?”

ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಕಂಡಕ್ಟರಮ್ಮ ಸಮವಸ್ತ್ರದಲ್ಲೇ ಕೂತಿದ್ದರು. ಎರಡು ಟ್ರಿಪ್ಪುಗಳ ನಡುವೆ ಬಿಡುವು ಮಾಡಿಕೊಂಡು ಓಡಿ ಬಂದಿದ್ದರು. ಎದುರಿಗೆ ಸಂಶೋಧಕಿ ತನ್ನ ಪ್ರಬಂಧದ ಕರಡು ಹಿಡಿದು ನಿಂತಿದ್ದಳು.

ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟಿಗೆಂದು ಅವಳು ಆರು ವರ್ಷ ಸವೆಸಿದ್ದಳು. ಬಸ್ ನೌಕರರ ದೊಡ್ಡ ಮುಷ್ಕರ ಹದಿನೇಳನೇ ದಿನ ಇದ್ದಕ್ಕಿದ್ದಂತೆ ಯಾಕೆ ಮುರಿದುಬಿತ್ತು ಎಂಬುದು ಅವಳ ವಿಷಯ. ಯಾರನ್ನು ಕೇಳಿದರೂ ಬಾಯಿಗೆ ಬೀಗ. ಕೊನೆಗೆ ಈ ಕಂಡಕ್ಟರಮ್ಮನೇ ಅವಳನ್ನು ಮನೆಗೆ ಕರೆದು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ನೌಕರರ ಸಂಘದ ಅಧ್ಯಕ್ಷರು ಡಿಪೋ ಮ್ಯಾನೇಜರ ಕೋಣೆಯಲ್ಲಿ ಒಳಗೊಳಗೇ ರಾಜಿಯಾದದ್ದನ್ನು ಕಂಡದ್ದು ಕಂಡಂತೆ ಹೇಳಿದ್ದರು. ಮೂರನೇ ಅಧ್ಯಾಯ ನಿಂತದ್ದೇ ಆ ಮಾತಿನ ಮೇಲೆ. ಪ್ರಬಂಧ ಸಲ್ಲಿಸಲು ಇನ್ನು ನಾಲ್ಕೇ ದಿನ.

“ಆಗ ಹೊಟ್ಟೆಯುರಿ ತಡೀಲಾರದೆ ಹೇಳಿಬಿಟ್ಟೆ. ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ. ಮನೇಲಿ ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ. ನನ್ನನ್ನ ಎಲ್ಲಾದ್ರೂ ದೂರ ಎತ್ತಿ ಹಾಕಿದ್ರೆ ಅವರನ್ನ ಯಾರು ನೋಡ್ಕೋತಾರೆ? ತೆಗೆದುಬಿಡಮ್ಮಾ, ನಿನಗೆ ಕೈ ಮುಗೀತೀನಿ.”

“ಅಯ್ಯೋ, ಬಿಡಿ ಅಕ್ಕಾ. ತೆಗೀತೀನಿ.”

ಹೇಳಿದ್ದೇನೋ ಹೇಳಿದಳು. ಅವರು ಗೇಟು ದಾಟಿದ ಮೇಲೆ ನೇರ ವಿಭಾಗದ ಕಡೆ ನಡೆದಳು.

ವಿಷಯ ತಿಳಿದು ಅವಳ ಮಾರ್ಗದರ್ಶಕರಾದ ಪ್ರೊಫೆಸರರು ಕುರ್ಚಿಯಿಂದ ಅರ್ಧ ಎದ್ದರು. “ತಲೆ ಕೆಟ್ಟಿದೆಯೇನಮ್ಮಾ? ಅದನ್ನ ತೆಗೆದ್ರೆ ಉಳಿಯೋದು ರಟ್ಟು ಮಾತ್ರ. ಆಯಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಾಳೆ ತಾನೆ?”

“ಹಾಕಿದಾರೆ ಸಾರ್. ಈಗ ಹೆದರಿದ್ದಾರೆ. ಅಧ್ಯಕ್ಷರೇನಾದ್ರೂ ಓದಿದ್ರೆ...”

“ಅವರು ಓದಿ ಆಯ್ತಲ್ಲ!” ಪ್ರೊಫೆಸರರು ಕನ್ನಡಕ ಒರೆಸಿಕೊಂಡರು. “ಹೋದ ವಾರ ನಾನೇ ಕಳಿಸಿದ್ದೆ. ಎರಡೂ ಕಡೆಯವರ ಮಾತು ಕೇಳಬೇಕಲ್ವಾ? ಪಾಪ, ಒಂಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ. ‘ಹುಡುಗಿ ಚೆನ್ನಾಗಿ ಬರೆದಿದ್ದಾಳೆ’ ಅಂದ್ರು.”

ಅವಳಿಗೆ, ಯಾರನ್ನು ಕೇಳಿ ಕಳಿಸಿದಿರಿ ಎಂದು ಕೂಗಬೇಕೆನಿಸಿತು. ಆದರೆ ಸಲ್ಲಿಕೆಯ ಅರ್ಜಿಗೆ ಬೀಳಬೇಕಾದ ಸಹಿ ಅವರದೇ. “ಸರಿ ಸಾರ್,” ಎಂದಳು. ಆ ದನಿ ಅವಳಿಗೇ ಹೇಸಿಗೆಯೆನಿಸಿತು.

ಎರಡು ದಿನ ಊಟ ತಿಂಡಿಯ ಪರಿವೆಯಿಲ್ಲದೆ ಕೂತು ಮೂರನೇ ಅಧ್ಯಾಯವನ್ನು ಕಿತ್ತಳು. ಆ ಜಾಗಕ್ಕೆ ಹಳೆಯ ಪತ್ರಿಕಾ ವರದಿಗಳನ್ನು ತುಂಬಿದಳು. ಓದಿದರೆ ಮುಷ್ಕರ ತಾನಾಗಿಯೇ ಸುಸ್ತಾಗಿ ಮಲಗಿದ ಹಾಗಿತ್ತು. ಮಧ್ಯಾಹ್ನ ಫೋನ್ ಮಾಡಿದಳು.

“ಅಕ್ಕಾ, ತೆಗೆದುಬಿಟ್ಟೆ.”

“ಒಳ್ಳೇದಾಯ್ತಮ್ಮಾ.” ಆ ಕಡೆ ಇಂಜಿನ್ನಿನ ಸದ್ದು. “ನಿನ್ನೆ ನನ್ನ ವರ್ಗಾವಣೆ ಆರ್ಡರ್ ಬಂತು. ಎಂಟು ಗಂಟೆ ದಾರಿಯಂತೆ. ಯಾರು ಊದಿದರೋ ಏನೋ. ನಿನ್ನ ಮೇಲೆ ಮಾತ್ರ ನನಗೆ ಅನುಮಾನ ಇಲ್ಲ. ನೀನು ಅಂಥವಳಲ್ಲ.”

“ಅಕ್ಕಾ, ನಮ್ಮ ಪ್ರೊಫೆಸರು...”

“ಏನಮ್ಮಾ? ಕೇಳಿಸ್ತಿಲ್ಲ. ಇರು, ಜನ ಹತ್ತುತಾ ಇದಾರೆ.”

ಫೋನನ್ನು ಅವರು ಹಾಗೆಯೇ ಜೇಬಿಗೆ ಹಾಕಿಕೊಂಡಿರಬೇಕು. ಅವಳು ಕಿವಿಗೊತ್ತಿ ಹಿಡಿದೇ ಇದ್ದಳು. ಬಟ್ಟೆಯ ಸರಬರದ ನಡುವೆ, “ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ” ಎನ್ನುವ ದನಿ ಕೇಳುತ್ತಿತ್ತು. ಸೀಟಿ ಮೊಳಗಿತು. ಬಸ್ಸು ಹೊರಟಿತು.